ಆಫೀಸಿನ ಹಳೇ ಡಬ್ಬದಲ್ಲಿ ಪಿಎಸ್2: ಆಪ್ಟಿಪ್ಲೆಕ್ಸ್ 9020 ಟವರ್, ಜಿಟಿಎಕ್ಸ್ 1650 ಜೋಡಿ ಹೇಗಿದೆ?

ಮೈಸೂರಾಗಲಿ ಮಂಡ್ಯವಾಗಲಿ, ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅಂಗಡಿಗೆ ಹೋಗಿ ಗೇಮ್ ಆಡೋಕೆ ಒಂದು ಸಿಪಿಯು ಬೇಕಿತ್ತು ಅಂದರೆ ಮೊದಲ ಪ್ರಶ್ನೆ ಬಜೆಟ್ಟಿನದು. ಕಡಿಮೆ ಹೇಳಿದಿರೋ, ಮೂಲೆಯಿಂದ ಕಪ್ಪು ಡೆಲ್ ಡಬ್ಬವೊಂದು ಹೊರಬರುತ್ತದೆ. ಯಾವುದೋ ಕಚೇರಿಯ ಮೇಜಿನ ಕೆಳಗೆ ವರ್ಷಗಟ್ಟಲೆ ಎಕ್ಸೆಲ್ ಓಡಿಸಿ ಲೀಸ್ ಮುಗಿಸಿಕೊಂಡು ಬಂದದ್ದು. ಸಿಪಿಯು ಅಂದರೆ ಪ್ರೊಸೆಸರ್, ಡಬ್ಬಕ್ಕೆ ಹಾಗನ್ನಬಾರದು ಎಂದು ವಾದಿಸುವವರು ಆ ಅಂಗಡಿಯಲ್ಲೇ ವಾದಿಸಿ ನೋಡಲಿ. ಇಲ್ಲಿ ಡಬ್ಬ ಅಂತಲೇ ಕರೆಯೋಣ, ಗೊಂದಲ ತಪ್ಪುತ್ತದೆ.

ಈ ಡಬ್ಬಗಳಲ್ಲಿ ಗೇಮಿಂಗ್‌ಗೆ ತಕ್ಕದ್ದು ಡೆಲ್ ಆಪ್ಟಿಪ್ಲೆಕ್ಸ್ 9020, ಅದರಲ್ಲೂ ಎಂಟಿ ಎಂದು ಕರೆಯುವ ಮಿನಿ ಟವರ್. ಒಳಗೆ ಇಂಟೆಲ್ 4ನೇ ತಲೆಮಾರಿನ ಪ್ರೊಸೆಸರ್, ಸಾಮಾನ್ಯವಾಗಿ ಐ5-4570 ಅಥವಾ ಐ5-4590. ಅದಕ್ಕೆ ಹಾರ್ಡ್‌ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್, 4 ಜಿಬಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೇ ಈ ವಿಮರ್ಶೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಪಿಎಸ್2 (ಪ್ಲೇಸ್ಟೇಷನ್ 2), ಗೇಮ್‌ಕ್ಯೂಬ್, ವೀ ತನಕದ ಎಮ್ಯುಲೇಶನ್‌ಗೆ, ಅಂದರೆ ಆ ಹಳೇ ಗೇಮ್ ಯಂತ್ರಗಳ ಆಟವನ್ನು ಪಿಸಿಯಲ್ಲಿ ಓಡಿಸುವುದಕ್ಕೆ, ಧಾರಾಳವಾಗಿ ಸಾಕು. ಪಿಎಸ್3 ಆಸೆಯಿದ್ದರೆ ಈ ಡಬ್ಬದ ಮೇಲೆ ಒಂದು ರೂಪಾಯಿಯನ್ನೂ ಸುರಿಯಬೇಡಿ.

3ನೇ ತಲೆಮಾರಿನ 7010 ಇದಕ್ಕಿಂತ ಅಗ್ಗಕ್ಕೆ ಸಿಗುತ್ತದಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದರ ಐ5-3470 ಗಡಿಯಾರದ ವೇಗದಲ್ಲಿ ಹೆಚ್ಚೇನೂ ಹಿಂದಿಲ್ಲ, ಟರ್ಬೋದಲ್ಲಿ 3.6 ಗಿಗಾಹರ್ಟ್ಸ್ ಮುಟ್ಟುತ್ತದೆ. 4590 ಮುಟ್ಟುವುದು 3.7. ವ್ಯತ್ಯಾಸ ಇರುವುದು ಎವಿಎಕ್ಸ್2 ಎಂಬ ಆದೇಶಗಳ ಗುಂಪಿನಲ್ಲಿ. 4ನೇ ತಲೆಮಾರಿನಲ್ಲಿ ಅದು ಇದೆ, 3ನೆಯದರಲ್ಲಿ ಇಲ್ಲ. ಪಿಎಸ್2 ಎಮ್ಯುಲೇಟರ್ ಪಿಸಿಎಸ್‌ಎಕ್ಸ್2 ಎವಿಎಕ್ಸ್2 ಇದ್ದರೆ ಅದನ್ನು ಬಳಸಿಕೊಳ್ಳುತ್ತದೆ. ಇನ್ನು ಕೆಲವು ಹೊಸ ಪಿಸಿ ಆಟಗಳು ಅದಿಲ್ಲದಿದ್ದರೆ ತೆರೆದುಕೊಳ್ಳುವುದೇ ಇಲ್ಲ. ಅಂಗಡಿಯವರು ಎರಡಕ್ಕೂ ಐ5 ಎಂದೇ ಹೇಳುತ್ತಾರೆ. ನೀವು ನೋಡಬೇಕಾದ್ದು ಅಡ್ಡಗೆರೆಯ ನಂತರದ ಮೊದಲ ಅಂಕಿ: 4 ಇದ್ದರೆ ತಗೊಳ್ಳಿ, 3 ಅಥವಾ 2 ಇದ್ದರೆ ಬಿಡಿ. ಮಾನಿಟರ್ ಬಿಟ್ಟು ಬರೀ ಡಬ್ಬಕ್ಕೆ ಹತ್ತು ಸಾವಿರ ದಾಟಿಸಿ ಕೇಳಿದರೂ ಬಿಡಿ. ಆ ದುಡ್ಡಿನ ಮೇಲೆ ಇನ್ನೂ ಸ್ವಲ್ಪ ಹಾಕಿ 8ನೇ ತಲೆಮಾರಿನ ಡಬ್ಬ ಹುಡುಕುವುದು ಜಾಣತನ.

ಇದೇ ಮಾದರಿಯಲ್ಲಿ ಎಸ್‌ಎಫ್‌ಎಫ್ ಎಂಬ ತೆಳ್ಳಗಿನ ಡಬ್ಬವೂ ಬರುತ್ತದೆ, ನೋಡಲು ಮುದ್ದಾಗಿದೆ. ಗೇಮಿಂಗ್‌ಗೆ ಬೇಡ. ಅದಕ್ಕೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಯುತ್ತದೆ, ಎರಡು ಸ್ಲಾಟ್ ದಪ್ಪದ ಕಾರ್ಡ್ ಕೂರಿಸುವುದು ಸರ್ಕಸ್ಸು, ಒಳಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಬೇರೆ 255 ವ್ಯಾಟ್‌ನದು. ಟವರ್‌ನಲ್ಲಿ 290 ವ್ಯಾಟ್. ಅರ್ಧ ಎತ್ತರದ ಕಾರ್ಡ್‌ಗೆ ಅಂಗಡಿಯವರು ಕೇಳುವ ಹೆಚ್ಚುವರಿ ದುಡ್ಡಿನಲ್ಲಿ ಟವರ್‌ಗೆ ರ‍್ಯಾಮ್ ಬಂದುಬಿಡುತ್ತದೆ.

ಅಂಗಡಿಯಲ್ಲಿ ಹತ್ತು ನಿಮಿಷ

ಬಹಳಷ್ಟು ಅಂಗಡಿಗಳಲ್ಲಿ ಆನ್ ಮಾಡಿ ವಿಂಡೋಸ್ ಬಂದಿದ್ದನ್ನು ತೋರಿಸಿ ಆಫ್ ಮಾಡುತ್ತಾರೆ. ಅಷ್ಟಕ್ಕೆ ತಲೆಯಾಡಿಸಬೇಡಿ. ಆನ್ ಆಗುತ್ತಿದ್ದಂತೆ ಎಫ್2 ಒತ್ತಿದರೆ ಬಯೋಸ್ ಎಂಬ ಬೋರ್ಡ್‌ನ ಮೂಲ ಸೆಟ್ಟಿಂಗ್ ಪುಟ ತೆರೆದು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಯಾವ ಸ್ಲಾಟಿನಲ್ಲಿ ಎಷ್ಟು ಎಂಬುದೆಲ್ಲ ಕಾಣುತ್ತದೆ. ಸರ್ವಿಸ್ ಟ್ಯಾಗ್ ಕೂಡ ಅಲ್ಲೇ ಇದೆ. ಅದನ್ನು ಡೆಲ್ ಜಾಲತಾಣದಲ್ಲಿ ಹಾಕಿದರೆ ಡಬ್ಬ ಕಾರ್ಖಾನೆಯಿಂದ ಹೊರಟಾಗ ಏನೇನಿತ್ತು ಎಂದು ತಿಳಿಯುತ್ತದೆ. ಎಫ್12 ಒತ್ತಿ ಡಯಾಗ್ನೊಸ್ಟಿಕ್ಸ್ ಆಯ್ದುಕೊಂಡರೆ ಡೆಲ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ: ಫ್ಯಾನ್, ರ‍್ಯಾಮ್, ಹಾರ್ಡ್‌ಡಿಸ್ಕ್ ಎಲ್ಲ. ಹಿಂಬದಿಯಲ್ಲಿ ಎಸ್‌ಎಂಪಿಎಸ್ ಪಕ್ಕ ಒಂದು ಪುಟ್ಟ ಬಟನ್ ಮತ್ತು ಲೈಟ್ ಇರುತ್ತದೆ. ವೈರ್ ಚುಚ್ಚಿ ಬಟನ್ ಒತ್ತಿದಾಗ ಹಸಿರು ಬಂದರೆ ಎಸ್‌ಎಂಪಿಎಸ್ ಉಸಿರಾಡುತ್ತಿದೆ ಎಂದರ್ಥ. ಹಸಿರು ಬಂದ ಮಾತ್ರಕ್ಕೆ ಪೂರ್ತಿ ಹೊರೆ ತಡೆಯುತ್ತದೆ ಅಂತಲ್ಲ, ಆದರೆ ಬಾರದಿದ್ದರೆ ಮಾತ್ರ ಅಲ್ಲಿಂದಲೇ ಹೊರಡಿ.

ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್‌ಪಿ ರಸ್ತೆಗೇ ಹೋಗಿ ತಂದರೆ ಅಗ್ಗವಾಗುವುದಿಲ್ಲವೇ? ಆಗಬಹುದು. ಆದರೆ ಹಳೇ ಡಬ್ಬ ಕೈಕೊಡುವುದಿದ್ದರೆ ಮೊದಲ ಎರಡು ವಾರದಲ್ಲೇ ಕೈಕೊಡುತ್ತದೆ. ಅದನ್ನು ತೊಡೆ ಮೇಲಿಟ್ಟುಕೊಂಡು ಮೈಸೂರಿನಿಂದ ಬೆಂಗಳೂರಿನ ರೈಲು ಹತ್ತುವ ಪಾಡಿಗೆ ಹೋಲಿಸಿದರೆ ಕುವೆಂಪುನಗರದಲ್ಲೋ ಸರಸ್ವತಿಪುರದಲ್ಲೋ ಒಂದು ಸಾವಿರ ಹೆಚ್ಚು ಕೊಟ್ಟು ಬಿಲ್ ಮೇಲೆ ತಿಂಗಳ ವಾರಂಟಿ ಬರೆಸಿಕೊಳ್ಳುವುದು ಲೇಸು. ಬಾಯಿಮಾತಿನ ವಾರಂಟಿ ಲೆಕ್ಕಕ್ಕಿಲ್ಲ.

ಮೊದಲು ಧೂಳು, ಆಮೇಲೆ ದುಡ್ಡು

ಹೊಸ ಭಾಗ ಯಾವುದನ್ನೂ ಹಾಕುವ ಮುನ್ನ ಡಬ್ಬ ತೆಗೆದು ಸ್ವಚ್ಛ ಮಾಡಬೇಕು. ಇದನ್ನು ಬಿಟ್ಟು ನೇರ ಕಾರ್ಡ್ ತಂದು ಹಾಕಿದವರೇ ಆಮೇಲೆ ಆಟ ಅರ್ಧ ಗಂಟೆಗೆ ಜಗ್ಗುತ್ತೆ ಎಂದು ಗೋಳಾಡುವುದು.

ವೈರ್ ಕಿತ್ತು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ. ಪಕ್ಕದ ಹಿಡಿ ಎಳೆದರೆ ಮುಚ್ಚಳ ಬರುತ್ತದೆ, ಸ್ಕ್ರೂಡ್ರೈವರ್ ಬೇಡ. ಆಫೀಸ್ ಡಬ್ಬಗಳ ದೊಡ್ಡ ಗುಣವೇ ಅದು. ಮುಂದಿನ ಪ್ಲಾಸ್ಟಿಕ್ ಮುಖವನ್ನೂ ಕಳಚಿ. ಧೂಳಿನ ನಿಜವಾದ ಠಾಣೆ ಅದರ ಹಿಂದೆ. ಪ್ರೊಸೆಸರ್ ಬಿಸಿ ಹೀರುವ ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಎಲೆಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಮಂಡ್ಯದ ಕಡೆ ಆಲೆಮನೆ ಹತ್ತಿರದ ಮನೆಗಳಲ್ಲಿದ್ದ ಡಬ್ಬವಾದರೆ ಅದಕ್ಕೆ ಬೂದಿಯೂ ಸೇರಿ ಕಪ್ಪು ಪದರವಾಗಿರುತ್ತದೆ. ಬ್ಲೋಯರ್ ಹೊಡೆಯುವಾಗ ಫ್ಯಾನ್ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಮಿತಿಮೀರಿದ ವೇಗದಲ್ಲಿ ಸುತ್ತಿ ಬೇರಿಂಗ್ ಹಾಳಾಗುತ್ತದೆ. ಒಳಗೆ ಒಣಗಿದ ಹಲ್ಲಿಯೋ ಹಲ್ಲಿಮೊಟ್ಟೆಯೋ ಸಿಕ್ಕರೆ ಗಾಬರಿ ಬೇಡ, ಬೋರ್ಡ್ ಮೇಲೆ ಅದರ ಗಲೀಜು ಅಂಟಿದ ಜಾಗವನ್ನು ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಆ ಗಲೀಜು ಗಾಳಿಯ ತೇವ ಹೀರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ.

ಹೀಟ್‌ಸಿಂಕ್ ಬಿಚ್ಚುವ ಮುನ್ನ ಡಬ್ಬವನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಕೊಂಡಿದ್ದರೆ ಒಳ್ಳೆಯದು, ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಒಣಗಿದ ಪೇಸ್ಟ್ ಸಡಿಲವಾಗುತ್ತದೆ. ನಾಲ್ಕು ಸ್ಕ್ರೂಗಳನ್ನು ಒಂದಾದ ಮೇಲೊಂದು ಪೂರ್ತಿ ತೆಗೆಯಬೇಡಿ. ಎದುರುಬದುರು ಮೂಲೆಗಳನ್ನು ಎರಡೆರಡು ಸುತ್ತು ಸಡಿಲಿಸುತ್ತ ಬನ್ನಿ. ಮೇಲಕ್ಕೆ ಜಗ್ಗದೆ ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಕಳಚುತ್ತದೆ. ಕೆಳಗಿನ ಪೇಸ್ಟ್ ಗೋಡೆಯ ಹಳೇ ಸುಣ್ಣದಂತೆ ಪುಡಿಪುಡಿ ಉದುರಿದರೆ ಅದೇ ನಿಮ್ಮ ಬಿಸಿಯ ಕಾರಣ. ಎರಡೂ ಕಡೆ ಕನ್ನಡಿಯಾಗುವಂತೆ ಒರೆಸಿ, ಪ್ರೊಸೆಸರ್ ನಡುವೆ ಕಡಲೆಬೇಳೆ ಗಾತ್ರದ ಹೊಸ ಪೇಸ್ಟ್ ಇಟ್ಟು ಹೀಟ್‌ಸಿಂಕ್ ಕೂರಿಸಿ, ಮತ್ತೆ ಎದುರುಬದುರಾಗಿ ಬಿಗಿ ಮಾಡಿ. ಹೆಚ್ಚು ಹಾಕಿದಷ್ಟೂ ತಂಪು ಎಂಬುದು ಸುಳ್ಳು. ಪೇಸ್ಟಿನ ಕೆಲಸ ಎರಡು ಲೋಹಗಳ ನಡುವಿನ ಕೂದಲೆಳೆಯ ಸಂದು ತುಂಬುವುದಷ್ಟೆ. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಪೇಸ್ಟ್ ಹಾಕಿದ ಮೇಲೆ ಹದಿನೈದು ನಿಮಿಷ ಪೂರ್ತಿ ಹೊರೆ ಕೊಟ್ಟಾಗ 80ರ ಒಳಗೆ ನಿಂತರೆ ಕೆಲಸ ಸರಿಯಾಗಿದೆ.

ಫ್ಯಾನ್ ಗೊರಗೊರ ಅನ್ನುತ್ತಿದೆ ಎಂದು ಮಾರುಕಟ್ಟೆಯ ಬೇರೆ ಕೂಲರ್ ತಂದು ಹಾಕಲು ಹೋಗಬೇಡಿ. ಡೆಲ್ ಇಲ್ಲಿ ಸಾಮಾನ್ಯ 4 ಪಿನ್ ಬಿಟ್ಟು ತನ್ನದೇ 5 ಪಿನ್ ಕನೆಕ್ಟರ್ ಇಟ್ಟಿದೆ. ಹೊಂದದ ಫ್ಯಾನ್ ಹಾಕಿದರೆ ಪ್ರತಿ ಸಲ ಆನ್ ಮಾಡಿದಾಗಲೂ ಫ್ಯಾನ್ ಕೆಟ್ಟಿದೆ ಎಂದು ತಡೆದು ನಿಲ್ಲಿಸುತ್ತದೆ. ಅದೇ ಮಾದರಿಯ ಹಳೇ ಫ್ಯಾನ್ ಕೇಳಿ ತನ್ನಿ.

ಮುಚ್ಚಳ ತೆಗೆದಿರುವಾಗಲೇ ಸಿಆರ್2032 ಬಟನ್ ಸೆಲ್ಲನ್ನೂ ಬದಲಿಸಿ. ಅದು ಸತ್ತಿದ್ದರೆ ಪ್ರತಿ ಸಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ್ದರೆ ಬ್ರೌಸರ್ ಯಾವ ಜಾಲತಾಣವನ್ನೂ ನಂಬುವುದಿಲ್ಲ, ಆಟ ಮಾರುವ ಸ್ಟೀಮ್ ಲಾಗಿನ್ ಆಗುವುದಿಲ್ಲ. ಇಂಟರ್ನೆಟ್ ಕೆಟ್ಟಿದೆ ಎಂದುಕೊಂಡು ರೂಟರ್‌ನವರಿಗೆ ಫೋನ್ ಹೊಡೆಯುತ್ತಾ ಕೂರುವಿರಿ.

ಎಸ್‌ಎಸ್‌ಡಿ ಮತ್ತು ರ‍್ಯಾಮ್

500 ಜಿಬಿ ಆಸುಪಾಸಿನ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಹಳೇ ಹಾರ್ಡ್‌ಡಿಸ್ಕನ್ನು ಆಟದ ಫೈಲುಗಳಿಗೆಂದು ಒಳಗೇ ಬಿಡಿ. ಪಿಎಸ್2 ಆಟಕ್ಕೆ ಹಾರ್ಡ್‌ಡಿಸ್ಕ್ ವೇಗ ಬೇಕಾದಷ್ಟಾಯಿತು, ಅದು ಮೂಲತಃ ಡಿವಿಡಿಯಿಂದ ಓಡುತ್ತಿದ್ದದ್ದು. ಎಸ್‌ಎಸ್‌ಡಿ ಕೂರಿಸಲು ತಟ್ಟೆ ಸಿಗದಿದ್ದರೆ ಡಬಲ್ ಟೇಪ್ ಹಚ್ಚಿ ಅಂಟಿಸಿದರೂ ನಡೆಯುತ್ತದೆ, ಒಳಗೆ ತಿರುಗುವ ಭಾಗವೇ ಇಲ್ಲ.

ಇಲ್ಲಿ ಎಡವುವ ಜಾಗ ಒಂದಿದೆ. ಡೆಲ್ ಬಯೋಸಿನಲ್ಲಿ ಸಾಟಾ ಆಪರೇಶನ್ ಎಂಬಲ್ಲಿ ಬಹುತೇಕ ರೇಡ್ ಆನ್ (RAID On) ಎಂದಿರುತ್ತದೆ. ವಿಂಡೋಸ್ ಹಾಕುವ ಮೊದಲೇ ಅದನ್ನು ಎಎಚ್‌ಸಿಐ (AHCI) ಮಾಡಿಕೊಳ್ಳಿ. ಹಾಕಿದ ಮೇಲೆ ಬದಲಿಸಿದರೆ ಡಿಸ್ಕ್ ಓದಲು ಬೇಕಾದ ಡ್ರೈವರ್ ವಿಂಡೋಸ್‌ಗೆ ಆ ಹೊತ್ತಿಗೆ ಸಿಗದೆ ನೀಲಿ ಪರದೆ ಬಂದು ನಿಲ್ಲುತ್ತದೆ. ಹಾಗೆ ಆಗಿಯೇ ಹೋಗಿದ್ದರೆ ಫಾರ್ಮ್ಯಾಟ್ ಹೊಡೆಯಬೇಕಿಲ್ಲ: ಬಯೋಸನ್ನು ಹಿಂದಿನಂತೆಯೇ ಮಾಡಿ, ವಿಂಡೋಸನ್ನು ಸೇಫ್ ಮೋಡ್‌ಗೆ ಹೋಗುವಂತೆ ಇಟ್ಟು, ರೀಸ್ಟಾರ್ಟ್ ಆಗುವಾಗ ಎಎಚ್‌ಸಿಐ ಮಾಡಿದರೆ ವಿಂಡೋಸ್ ತಾನೇ ಡ್ರೈವರ್ ಹುಡುಕಿಕೊಳ್ಳುತ್ತದೆ. ಇದಕ್ಕೆ ಅಂಗಡಿಯಲ್ಲಿ ಫಾರ್ಮ್ಯಾಟ್ ಚಾರ್ಜ್ ತೆರಬೇಡಿ.

ರ‍್ಯಾಮ್ ಡಿಡಿಆರ್3, 1600 ವೇಗದ್ದು. ಒಂದೇ 16ರ ಸ್ಟಿಕ್ ಹುಡುಕಬೇಡಿ, 8 ಜಿಬಿಯ ಎರಡು ಹಾಕಿ. ಎರಡು ದಾರಿಯಲ್ಲಿ ಒಟ್ಟಿಗೆ ಓಡಾಟ ನಡೆಯುತ್ತದೆ. ಡೆಲ್ ಬೋರ್ಡ್‌ನಲ್ಲಿ ಮೊದಲು ತುಂಬಬೇಕಾದ್ದು ಬಿಳಿ ಕ್ಲಿಪ್ಪಿನ ಸ್ಲಾಟುಗಳನ್ನು. ಅಗ್ಗದ ಸ್ಟಿಕ್‌ಗಳಲ್ಲಿ ಒಂದು ಮೋಸ ಇದೆ: ಎಎಂಡಿ ಬೋರ್ಡ್‌ಗೆ ಮಾತ್ರ ಎಂದು ಸಣ್ಣಕ್ಷರದಲ್ಲಿ ಬರೆದ 8 ಜಿಬಿ ಡಿಡಿಆರ್3. ಅದರ ಚಿಪ್ ಜೋಡಣೆ ಇಂಟೆಲ್‌ನ ಈ ತಲೆಮಾರಿಗೆ ಅರ್ಥವಾಗುವುದಿಲ್ಲ, ಡಬ್ಬ ಆನ್ ಆದರೂ ಪರದೆ ಕಪ್ಪಗೇ ಉಳಿಯುತ್ತದೆ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಕಂಡ ಸ್ಟಿಕ್ ಬಹುತೇಕ ಇದೇ. ಸರಿಯಾದ ಸ್ಟಿಕ್ ಹಾಕಿಯೂ ಪರದೆ ಬಾರದಿದ್ದರೆ ಹೊಳೆಯುವ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಊದಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ನಮ್ಮೂರ ಸರ್ವಿಸ್ ಹುಡುಗರ ಮಂತ್ರ ಇದು, ಹತ್ತರಲ್ಲಿ ಎಂಟು ಸಲ ಫಲಿಸುತ್ತದೆ.

ಕಾರ್ಡ್ ಯಾಕೆ 1650?

ಈ ಡಬ್ಬದ ಎಸ್‌ಎಂಪಿಎಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆಂದು ಪ್ರತ್ಯೇಕ 6 ಪಿನ್ ವೈರ್ ಇಲ್ಲ. ಹಾಗಾಗಿ ಕಾರ್ಡ್‌ಗೆ ಸಿಗುವುದು ಸ್ಲಾಟ್ ಕೊಡುವ 75 ವ್ಯಾಟ್ ಮಾತ್ರ. ಎಲ್ಲ ಲೆಕ್ಕವೂ ಇಲ್ಲಿಂದಲೇ ಶುರು. ಪ್ರೊಸೆಸರ್ 84, ಕಾರ್ಡ್ 75, ಬೋರ್ಡ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ 40 ಎಂದರೂ 200 ವ್ಯಾಟ್. 290ರಲ್ಲಿ ಇದು ಸಲೀಸು.

ಸಾಟಾ ವೈರಿನಿಂದ 6 ಪಿನ್ ಮಾಡುವ ಅಡಾಪ್ಟರ್ ನೂರಿನ್ನೂರಕ್ಕೆ ಸಿಗುತ್ತದೆ, ಅದರಿಂದ ದೊಡ್ಡ ಕಾರ್ಡ್ ಓಡಿಸಿ ಎಂದು ಸಲಹೆ ಕೊಡುವವರಿದ್ದಾರೆ. ಸಾಟಾ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಇರುವುದು ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 54 ವ್ಯಾಟ್. 6 ಪಿನ್ ಕಾರ್ಡ್ ಕೇಳುವುದು 75ರವರೆಗೆ. ಮಿಕ್ಕದ್ದೆಲ್ಲ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಬೇಡವೇ ಬೇಡ.

75 ವ್ಯಾಟ್ ಒಳಗಿನ ಕಾರ್ಡ್‌ಗಳಲ್ಲಿ ನಾಲ್ಕೈದು ಹೆಸರು ಕೇಳಿಬರುತ್ತವೆ. ಜಿಟಿ 1030ರಲ್ಲಿ ಎರಡು ಬಗೆ. ಜಿಡಿಡಿಆರ್5 ಇರುವುದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ, ಡಿಡಿಆರ್4 ಇರುವುದು 16.8 ಜಿಬಿ. ಹೆಸರು ಒಂದೇ, ಡಬ್ಬಿ ಒಂದೇ, ಸಾಗಾಟ ಮೂರರಲ್ಲಿ ಒಂದು ಭಾಗ. ನಾಮಕರಣದಲ್ಲೇ ಮೋಸ ಮಾಡುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಜಿಟಿಎಕ್ಸ್ 1050 ಟಿಐ ಒಂದು ಕಾಲದ ರಾಜ, 2016ರದು. ಆದರೆ ಆ ತಲೆಮಾರಿಗೆ ಎನ್ವಿಡಿಯಾ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತೆಯ ತೇಪೆ ಮಾತ್ರ. ಬರೀ ಎಮ್ಯುಲೇಟರ್ ಆಡುವವರಿಗೆ ತೊಂದರೆಯಿಲ್ಲ, ಅಗ್ಗಕ್ಕೆ ಸಿಕ್ಕರೆ ತಗೊಳ್ಳಬಹುದು. ಎಎಂಡಿಯ ಆರ್‌ಎಕ್ಸ್ 6400 ಬರೀ 53 ವ್ಯಾಟ್ ಕುಡಿಯುತ್ತದೆ ನಿಜ, ಆದರೆ ಸ್ಲಾಟಿನ 16 ದಾರಿಗಳಲ್ಲಿ ಅದು ಬಳಸುವುದು 4 ಮಾತ್ರ. ಹೊಸ ಬೋರ್ಡ್‌ನಲ್ಲಿ ಅದು ಸಾಲುತ್ತದೆ. 9020ರ ಪಿಸಿಐಇ 3.0 ಸ್ಲಾಟಿನಲ್ಲಿ ಆ ನಾಲ್ಕು ದಾರಿಗಳ ವೇಗ ಅರ್ಧಕ್ಕೆ ಕುಗ್ಗುತ್ತದೆ. ಕಾರ್ಡಿನ 4 ಜಿಬಿ ತುಂಬಿದ ಕ್ಷಣ ಆಟ ಕುಂಟುತ್ತದೆ. ಆಟ ರೆಕಾರ್ಡ್ ಮಾಡುವ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ಇಂಟೆಲ್‌ನ ಆರ್ಕ್ ಎ380ಗೆ ರೀಸೈಜಬಲ್ ಬಾರ್ ಎಂಬ ಸೌಕರ್ಯ ಬೇಕೇ ಬೇಕು, ಅದು ಈ ಹಳೇ ಬಯೋಸಿನಲ್ಲಿಲ್ಲ.

ಹೀಗೆ ಒಂದೊಂದೇ ಉದುರಿ ಉಳಿಯುವುದು ಜಿಟಿಎಕ್ಸ್ 1650. 2019ರ ಕಾರ್ಡ್, 75 ವ್ಯಾಟ್, 16 ದಾರಿ, ಡ್ರೈವರ್ ಇನ್ನೂ ಬರುತ್ತಿದೆ. ಇದರಲ್ಲೂ ಜಿಡಿಡಿಆರ್6 ಇರುವುದು ಸಿಕ್ಕರೆ ಒಳ್ಳೆಯದು, 128ರ ಬದಲು 192 ಜಿಬಿ ಸಾಗಾಟ. ನೋಡಿಕೊಳ್ಳಬೇಕಾದ್ದು ಎರಡು: ಕೆಲವು ಕಂಪನಿಗಳು ವೇಗ ಏರಿಸಿ 6 ಪಿನ್ ಜಾಗ ಇಟ್ಟಿವೆ, ಅದು ಬೇಡ, ಒಂದೇ ಫ್ಯಾನಿನ, 170 ಮಿಲಿಮೀಟರ್ ಒಳಗಿನ ಗಿಡ್ಡ ಕಾರ್ಡ್ ಇರಲಿ, ಉದ್ದದ್ದು ಡಿಸ್ಕ್ ಗೂಡಿಗೆ ಮತ್ತು ಸಾಟಾ ವೈರುಗಳಿಗೆ ತಾಗಬಹುದು. ಕಾರ್ಡ್ ಹೋಗಬೇಕಾದ್ದು ನೀಲಿ ಸ್ಲಾಟಿಗೆ. ಅದೇ ಉದ್ದದ ಕಪ್ಪು ಸ್ಲಾಟ್ ಇನ್ನೊಂದಿದೆ, ಒಳಗೆ ವೈರಿಂಗ್ ಇರುವುದು 4 ದಾರಿಗೆ ಮಾತ್ರ.

ಹಳೇ ಕಾರ್ಡ್‌ಗೆ ಹೊಸ ಹೆಸರು ಬರೆದು ಮಾರುವ ದಂಧೆ ಇದೆ. ಜಿಪಿಯು-ಜ಼ಡ್ ಎಂಬ ಪುಟ್ಟ ಉಚಿತ ತಂತ್ರಾಂಶ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ತೆರೆಯಿರಿ, ನಕಲಿ ಇದ್ದರೆ ಹೆಸರಿನ ಪಕ್ಕದಲ್ಲೇ ಹೇಳುತ್ತದೆ. ಅದಕ್ಕೂ ಮೊದಲೇ ಕಣ್ಣಿಗೆ ಕಾಣುವ ಗುರುತೊಂದಿದೆ: 1050 ಟಿಐ ಎಂದು ಕೊಟ್ಟ ಕಾರ್ಡಿನ ಬೆನ್ನಲ್ಲಿ ನೀಲಿ ವಿಜಿಎ ಕಿಂಡಿ ಇದ್ದರೆ ಅನುಮಾನಪಡಿ. ಎನ್ವಿಡಿಯಾ ಆ ತಲೆಮಾರಿನಿಂದಲೇ ಅನಲಾಗ್ ಸಿಗ್ನಲ್ ಕೈಬಿಟ್ಟಿತು.

ಅದರ ಬಿಸಿ ನಮಗೂ ತಟ್ಟುತ್ತದೆ. ಮನೆಯಲ್ಲಿರುವ ಹಳೇ 18.5 ಇಂಚಿನ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ 1650ಗೆ ನೇರ ಹೊಂದದು. ಬರೀ ಪಿನ್ ಆಕಾರ ಬದಲಿಸುವ ಡಿವಿಐ ಅಡಾಪ್ಟರ್ ಕೆಲಸಕ್ಕೆ ಬಾರದು, ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಅಡಾಪ್ಟರ್ ತರಬೇಕು. ಇನ್ನೊಂದು, ನಗಬೇಡಿ, ಬಹಳ ಜನ ಮಾಡುವ ತಪ್ಪು: ಕಾರ್ಡ್ ಹಾಕಿ ಮಾನಿಟರ್ ವೈರನ್ನು ಮಾತ್ರ ಬೋರ್ಡ್‌ನ ಹಳೇ ಕಿಂಡಿಯಲ್ಲೇ ಬಿಟ್ಟಿರುತ್ತಾರೆ. ಆಮೇಲೆ ಕಾರ್ಡ್ ದಂಡ ಎಂದು ವಾಪಸ್ ತರುತ್ತಾರೆ.

ಎಮ್ಯುಲೇಶನ್: ಕಾರ್ಡಿಗಿಂತ ಪ್ರೊಸೆಸರ್

ದುಡ್ಡು ಕಮ್ಮಿ ಇರುವವರು ಕಾರ್ಡ್ ತರುವ ಮುನ್ನ ಒಂದು ತಿಂಗಳು ಹಾಗೇ ಆಡಿ ನೋಡಿ. 4590ರೊಳಗಿನ ಎಚ್‌ಡಿ 4600 ಗ್ರಾಫಿಕ್ಸ್‌ನಲ್ಲೇ ಪಿಎಸ್1ಗೆ ಡಕ್‌ಸ್ಟೇಶನ್, ಪಿಎಸ್‌ಪಿಗೆ ಪಿಪಿಎಸ್‌ಎಸ್‌ಪಿಪಿ ಎಂಬ ಎಮ್ಯುಲೇಟರ್‌ಗಳು ಸಲೀಸಾಗಿ ಓಡುತ್ತವೆ. ಪಿಎಸ್2 ಕೂಡ ಮೂಲ ಗಾತ್ರದಲ್ಲಿ ಸಾಕಷ್ಟು ಆಟಗಳಿಗೆ ಆಗುತ್ತದೆ. ಚಿತ್ರ ಬಿಡಿಸಲು ಆಟಗಳು ಬಳಸುವ ವಿಧಾನಗಳಲ್ಲಿ ವಲ್ಕನ್ ವಿಂಡೋಸ್‌ನಲ್ಲಿ ಈ ಗ್ರಾಫಿಕ್ಸ್‌ಗೆ ಇಲ್ಲ, ಡೈರೆಕ್ಟ್‌ಎಕ್ಸ್ 12 ಅನ್ನು ಇಂಟೆಲ್ಲೇ ಕಿತ್ತುಹಾಕಿದೆ. ಎಮ್ಯುಲೇಟರ್ ಸೆಟ್ಟಿಂಗ್‌ನಲ್ಲಿ ಡೈರೆಕ್ಟ್‌ಎಕ್ಸ್ 11 ಆಯ್ದುಕೊಳ್ಳಿ.

1650 ಬಂದ ಮೇಲೆ ಪಿಎಸ್2ದ ಚಿತ್ರ ಹಿಗ್ಗಿಸಬಹುದು. ಮೂಲ ಚಿತ್ರ ಸಾಮಾನ್ಯವಾಗಿ 448 ಸಾಲಿನದು. 2 ಪಟ್ಟು ಎಂದರೆ 896 ಸಾಲು, 3 ಪಟ್ಟು ಎಂದರೆ 1344. ನಿಮ್ಮ ಮಾನಿಟರ್ 768 ಸಾಲಿನದಾದರೆ 2 ಪಟ್ಟು ಸಾಕು, 1080ರದಾದರೆ 3. ಅದಕ್ಕಿಂತ ಏರಿಸಿದ್ದು ಕಣ್ಣಿಗೆ ಕಾಣುವುದು ಕಮ್ಮಿ, ಫ್ಯಾನಿಗೆ ಕೇಳಿಸುವುದು ಹೆಚ್ಚು.

ಆಟ ನಿಧಾನವಾದರೆ, ಧ್ವನಿ ಕರಕರ ಎಂದರೆ, ಕಂಡಕಂಡ ಸೆಟ್ಟಿಂಗ್ ಬದಲಿಸುವ ಮುನ್ನ ಪಿಸಿಎಸ್‌ಎಕ್ಸ್2ನ ಪರದೆ ಮೇಲಿನ ಅಂಕಿಗಳನ್ನು ಆನ್ ಮಾಡಿ. ಅಲ್ಲಿ ಇಇ, ಜಿಎಸ್, ವಿಯು, ಜಿಪಿಯು ಎಂದು ಶೇಕಡಾವಾರು ತೋರಿಸುತ್ತದೆ: ಇಇ ಎಂದರೆ ಪಿಎಸ್2ದ ಮುಖ್ಯ ಪ್ರೊಸೆಸರ್‌ನ ಕೆಲಸ, ಜಿಪಿಯು ಎಂದರೆ ನಿಮ್ಮ ಕಾರ್ಡ್. ಜಿಪಿಯು 100ರ ಹತ್ತಿರ ಇದ್ದರೆ ಚಿತ್ರದ ಗಾತ್ರ ಒಂದು ಹೆಜ್ಜೆ ಇಳಿಸಿ, ಬ್ಲೆಂಡಿಂಗ್ ಆಕ್ಯುರಸಿಯನ್ನು ಬೇಸಿಕ್‌ಗೆ ತನ್ನಿ. ಇಇ 100ರ ಹತ್ತಿರ ಇದ್ದರೆ ಗಾತ್ರ ಇಳಿಸಿ ಏನೂ ಪ್ರಯೋಜನವಿಲ್ಲ. ಅಲ್ಲಿ ಸೋತಿರುವುದು ಪ್ರೊಸೆಸರ್‌ನ ಒಂದೇ ಕೋರ್, ಲಕ್ಷ ರೂಪಾಯಿಯ ಕಾರ್ಡ್ ತಂದರೂ ಅಷ್ಟೆ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಅರ್ಧ ಜನ ಕಾರ್ಡ್ ಬದಲಿಸುವುದನ್ನೇ ಬಿಡುತ್ತಿದ್ದರು.

ಹಾಗಾದರೆ ಪ್ರೊಸೆಸರನ್ನೇ ಐ7-4790ಗೆ ಏರಿಸಿದರೆ? ಅದೇ ಸಾಕೆಟ್, ಅದೇ 84 ವ್ಯಾಟ್, ಕೂರುತ್ತದೆ. ಮೊದಲು ಬಯೋಸ್ ಹೊಸದು ಮಾಡಿಕೊಳ್ಳಿ, 2013ರ ಬಯೋಸ್‌ಗೆ 2014ರ ಪ್ರೊಸೆಸರ್ ಗುರುತು ಸಿಗದೆ ಹೋಗಬಹುದು. ಆದರೆ ಪಿಎಸ್2 ಮಟ್ಟಿಗೆ ಲಾಭ 3.7ರಿಂದ 4.0ಕ್ಕೆ, ಅಂದರೆ ಶೇಕಡಾ 8. ಎಂಟು ಥ್ರೆಡ್ ಲಾಭ ಕೊಡುವುದು ಹೊಸ ಪಿಸಿ ಆಟಗಳಲ್ಲಿ. ಐ5 ಸಮೇತ ಬಂದ ಡಬ್ಬಕ್ಕೆ ಪ್ರತ್ಯೇಕವಾಗಿ ಐ7 ಕೊಳ್ಳುವ ಬದಲು, ಐ7 ಸಮೇತವೇ ಬಂದ ಡಬ್ಬ ಸ್ವಲ್ಪ ಹೆಚ್ಚಿಗೆ ಸಿಕ್ಕರೆ ಅದನ್ನೇ ಆರಿಸಿ.

ಗೇಮ್‌ಕ್ಯೂಬ್, ವೀ ಆಟಗಳ ಎಮ್ಯುಲೇಟರ್ ಡಾಲ್ಫಿನ್‌ನಲ್ಲಿ ಹೊಸ ದೃಶ್ಯ ಬಂದಾಗಲೆಲ್ಲ ಒಂದು ಕ್ಷಣ ತಡವರಿಸುವುದುಂಟು. ಅದು ಡಬ್ಬದ ಸೋಲಲ್ಲ, ದೃಶ್ಯ ಬಿಡಿಸಲು ಕಾರ್ಡಿಗೆ ಬೇಕಾದ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳು ಆಗಷ್ಟೇ ತಯಾರಾಗುತ್ತಿರುತ್ತವೆ. ಹೈಬ್ರಿಡ್ ಊಬರ್‌ಶೇಡರ್ ಆಯ್ಕೆ ಹಾಕಿದರೆ ಹೋಗುತ್ತದೆ. ಪಿಎಸ್3 ಎಮ್ಯುಲೇಟರ್ ಆರ್‌ಪಿಸಿಎಸ್3 ಬೇರೆಯೇ ಜಾತಿ. ಆ ಯಂತ್ರದ ಸೆಲ್ ಪ್ರೊಸೆಸರ್‌ನಲ್ಲಿ ಆಟಕ್ಕೆ ಸಿಗುತ್ತಿದ್ದ ಆರು ಸಹಾಯಕ ಕೋರ್‌ಗಳ ಕೆಲಸವನ್ನು ನಮ್ಮ ನಾಲ್ಕು ಕೋರ್ ಹೊರಬೇಕು. ಮೆನು ಬರುತ್ತದೆ, ದೊಡ್ಡ ಆಟ ಬರುವುದಿಲ್ಲ.

ಈ ಡಬ್ಬದ ಯಾರೂ ಹೊಗಳದ ಭಾಗ ಡಿವಿಡಿ ಡ್ರೈವ್. ಹೊಸ ಕ್ಯಾಬಿನೆಟ್‌ಗಳಲ್ಲಿ ಅದಕ್ಕೆ ಜಾಗವೇ ಇಲ್ಲ, ಇಲ್ಲಿ ಬಿಟ್ಟಿಯಾಗಿ ಬಂದಿದೆ. ನಿಮ್ಮಲ್ಲಿರುವ ಅಸಲಿ ಪಿಎಸ್2 ಡಿಸ್ಕ್ ಹಾಕಿ ಇಮ್ಜ್‌ಬರ್ನ್ ಎಂಬ ತಂತ್ರಾಂಶದಿಂದ ಐಎಸ್‌ಓ, ಅಂದರೆ ಡಿಸ್ಕ್‌ನ ಪ್ರತಿಯಾದ ಒಂದು ಫೈಲ್, ಮಾಡಿಕೊಳ್ಳಬಹುದು. ಪಿಎಸ್1ರ ಕಪ್ಪು ಬೆನ್ನಿನ ಡಿಸ್ಕ್ ಆದರೆ ಐಎಸ್‌ಓ ಬೇಡ, ಬಿನ್-ಕ್ಯೂ ಎಂಬ ಬಗೆಯ ಪ್ರತಿ ಮಾಡಿ. ಐಎಸ್‌ಓನಲ್ಲಿ ಹಾಡಿನ ಟ್ರ್ಯಾಕ್‌ಗಳು ಉಳಿಯುವುದಿಲ್ಲ, ಆಟ ಮೂಕಾಗುತ್ತದೆ. ಆಮೇಲೆ ಎಲ್ಲವನ್ನೂ ಸಿಎಚ್‌ಡಿ ಬಗೆಯ ಫೈಲಿಗೆ ಕುಗ್ಗಿಸಿದರೆ ಜಾಗ ಉಳಿಯುತ್ತದೆ. ವೀ, ಗೇಮ್‌ಕ್ಯೂಬ್ ಡಿಸ್ಕ್‌ಗಳನ್ನು ಈ ಡ್ರೈವ್ ಓದುವುದಿಲ್ಲ. ಪಿಎಸ್2 ಬಯೋಸ್ ಫೈಲನ್ನು ನಿಮ್ಮದೇ ಯಂತ್ರದಿಂದ ತೆಗೆದುಕೊಳ್ಳಬೇಕು, ಎಮ್ಯುಲೇಟರ್ ಜೊತೆ ಬರುವುದಿಲ್ಲ. ಸಾವಿರಾರು ಆಟ ತುಂಬಿದ ಹಾರ್ಡ್‌ಡಿಸ್ಕ್ ಎಂದು ಮಾರುವವರ ಬಳಿ ಹೋಗಬೇಡಿ: ಆಟಗಳು ಕದ್ದವು, ಡಿಸ್ಕ್ ಎಷ್ಟು ಸವೆದದ್ದೋ ದೇವರೇ ಬಲ್ಲ.

ಹೊಸ ಆಟ, ವಿಂಡೋಸ್, ಕರೆಂಟು

ಜಿಟಿಎ 5ರ ಕಾಲದ ಆಟಗಳಿಗೆ 1080ರಲ್ಲಿ ತೊಂದರೆಯಿಲ್ಲ. ಹೊಸ ದೊಡ್ಡ ಆಟಗಳಲ್ಲಿ 4 ಜಿಬಿ ಬೇಗ ತುಂಬುತ್ತದೆ, ಟೆಕ್ಸ್‌ಚರ್ ಇಳಿಸಿ, ಸಣ್ಣ ಚಿತ್ರವನ್ನು ಹಿಗ್ಗಿಸುವ ಎಫ್‌ಎಸ್‌ಆರ್ ಹಾಕಿಕೊಳ್ಳಬೇಕು. ಎನ್ವಿಡಿಯಾದ ಅಂಥದೇ ಸೌಕರ್ಯ ಡಿಎಲ್‌ಎಸ್‌ಎಸ್ ಈ ಕಾರ್ಡಿಗಿಲ್ಲ. ರೇ ಟ್ರೇಸಿಂಗ್ ಹಾರ್ಡ್‌ವೇರ್ ಕಡ್ಡಾಯ ಮಾಡಿರುವ ಆಟಗಳು ತೆರೆಯುವುದೇ ಇಲ್ಲ.

ವಿಂಡೋಸ್ ವಿಷಯ ಕಗ್ಗಂಟು. 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್‌ವರೆಗೆ ತೇಪೆ ಬರುತ್ತದೆ. 11ಕ್ಕೆ 8ನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಈ ಡಬ್ಬ ಅಧಿಕೃತವಾಗಿ ಅನರ್ಹ. ಬೈಪಾಸ್ ಮಾಡಿ 11 ಹಾಕಿಕೊಡುತ್ತೇವೆ ಎನ್ನುವ ಅಂಗಡಿಗಳಿವೆ. ಹಾಕಬಹುದು, ಓಡುತ್ತದೆ. ಆದರೆ ಮನೆಯಲ್ಲಿ ವ್ಯಾಲೊರಂಟ್ ಆಡುವ ಹುಡುಗರಿದ್ದರೆ ಎಚ್ಚರ: 11ರಲ್ಲಿ ಅದು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇಲ್ಲದೆ ತೆರೆಯದು, ಲಿನಕ್ಸ್‌ನಲ್ಲಂತೂ ಇಲ್ಲವೇ ಇಲ್ಲ. ಅಂಥವರು 10ರಲ್ಲೇ ಇರಿ. ಬರೀ ಎಮ್ಯುಲೇಶನ್ ಸಾಕು ಎನ್ನುವವರು ಬಟೊಸೆರಾ ಎಂಬ ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಬರೆದು ಎಫ್12 ಒತ್ತಿ ಅದರಿಂದಲೇ ಬೂಟ್ ಮಾಡಬಹುದು, ಒಳಗಿನ ಡಿಸ್ಕನ್ನು ಮುಟ್ಟುವುದೂ ಇಲ್ಲ.

ಯುಪಿಎಸ್ ಇಲ್ಲದೆ ಈ ಡಬ್ಬ ಇಡಬೇಡಿ. ಏಪ್ರಿಲ್-ಮೇ ಮಳೆಗಾಳಿಗೆ ಕರೆಂಟು ಹೋಗಿ ಬರುವುದು ನಮ್ಮಲ್ಲಿ ಹೊಸದಲ್ಲ, ಬಯೋಸ್ ಹೊಸದು ಮಾಡುವ ಹೊತ್ತಿಗೆ ಹೋದರೆ ಬೋರ್ಡೇ ಸತ್ತಂತೆ. 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್. ಡಬ್ಬ 200, ಮಾನಿಟರ್ 25, ಸಾಕು. ಒಳಗಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್-ಅವರ್‌ನದು. ಪೂರ್ತಿ ಹೊರೆಯಲ್ಲಿ ಕೆಲವೇ ನಿಮಿಷ, ಆಟ ಸೇವ್ ಮಾಡಿ ಮುಚ್ಚುವಷ್ಟು.

ಮುಂದೆ 8ನೆಯದೋ 10ನೆಯದೋ ತಲೆಮಾರಿನ ಡಬ್ಬಕ್ಕೆ ಹೋಗುವಾಗ 1650 ಕಾರ್ಡ್, ಎಸ್‌ಎಸ್‌ಡಿ, ಯುಪಿಎಸ್ ಜೊತೆಗೇ ಬರುತ್ತವೆ. ಡಿಡಿಆರ್3 ರ‍್ಯಾಮ್ ಬರುವುದಿಲ್ಲ, ಸ್ಲಾಟಿನ ಕಚ್ಚೇ ಬೇರೆ. ಹಾಗಾಗಿ ರ‍್ಯಾಮನ್ನು 16ಕ್ಕೇ ನಿಲ್ಲಿಸಿ, 32 ಹಿಡಿಯುತ್ತದೆ ಎಂದು ಅಂಗಡಿಯವರು ಹೇಳಿದರೂ.